ಮರದಕ್ಕನ ಮೂಗು

ನನ್ನ ಗಂಡನ ಅಕ್ಕನನ್ನು ಬೀದಿಯವರೆಲ್ಲ ಮರದಕ್ಕ ಎಂದು ಕರೆಯುತ್ತಿದ್ದರು. ಅವರು ಮೆಟ್ಟಿಲಿಳಿದು ಬರುವಾಗ ಮೊದಲು ದೇವದಾರು ಮರದ ವಾಸನೆ ಬರುತ್ತಿತ್ತು, ಹಿಂದಿನಿಂದ ಅವರು ಬರುತ್ತಿದ್ದರು. ಹೊಸ ಪೆನ್ಸಿಲನ್ನು ಚೂಪು ಮಾಡುವಾಗ ಮೂಗಿಗೆ ಹೊಡೆಯುತ್ತದಲ್ಲ, ಅದಕ್ಕೆ ಹತ್ತಿರದ ವಾಸನೆ. ಇನ್ನೂ ಸ್ವಲ್ಪ ಸಿಹಿ, ಸ್ವಲ್ಪ ಬೆಚ್ಚಗೆ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಈಗಲೂ ಯಾರಾದರೂ ಪಕ್ಕದಲ್ಲಿ ಪೆನ್ಸಿಲ್ ಹೆರೆದರೆ ನನಗೆ ಅರಿವಿಲ್ಲದೆ ಬಾಗಿಲ ಕಡೆ ತಿರುಗಿ ನೋಡುತ್ತೇನೆ.

ನಮ್ಮ ಮನೆಯ ಮಹಡಿಯ ಮೇಲೆ ಒಂದೇ ಒಂದು ಉದ್ದನೆಯ ಕೋಣೆ ಇತ್ತು. ಅಂಗಳದಿಂದ ಹದಿನಾಲ್ಕು ಮೆಟ್ಟಿಲು. ಒಳಗೆ ಗೋಡೆಗುಂಟ ಒಂಬತ್ತು ಮರದ ಪೆಟ್ಟಿಗೆಗಳು, ಕಿಟಕಿಯ ಹತ್ತಿರ ಒಂದು ಮೇಜು, ಮೇಜಿನ ಮೇಲೆ ಬಿಳಿಯ ದುಪ್ಪಟಿ. ಚಳಿ ಮುಗಿಯುತ್ತಿದ್ದಂತೆ ಜನ ತಮ್ಮ ಉಣ್ಣೆಯ ಬಟ್ಟೆಗಳನ್ನು ಹೊತ್ತು ಆ ಮೆಟ್ಟಿಲು ಹತ್ತುತ್ತಿದ್ದರು. ಕೋಟು, ಸ್ವೆಟರು, ಶಾಲು, ಕಂಬಳಿ. ಮತ್ತೆ ಚಳಿ ಬರುವ ತನಕ ಅವಕ್ಕೆ ನುಸಿ ಹಿಡಿಯದಂತೆ ಕಾಯುವುದು, ತೂತಾಗಿದ್ದರೆ ಎಳೆಗೆ ಎಳೆ ಹೆಣೆದು ರಫೂ ಮಾಡಿಕೊಡುವುದು ಅತ್ತಿಗೆಯ ಕಸುಬು.

ಅವರ ಗಂಡ ಬಡಗಿಯಾಗಿದ್ದರು. ಒಂಬತ್ತು ಪೆಟ್ಟಿಗೆಗಳೂ ಅವರ ಕೈಕೆಲಸವೇ. ಮದುವೆಯಾದ ಹನ್ನೊಂದನೆಯ ವರ್ಷ ಅವರು ತೀರಿಕೊಂಡಾಗ ಅತ್ತಿಗೆ ತಮ್ಮನ ಮನೆಗೆ ಬಂದರು. ಬರುವಾಗ ತಂದದ್ದು ಈ ಪೆಟ್ಟಿಗೆಗಳು, ಮತ್ತೆ ಒಂದು ಗೋಣಿಚೀಲದ ತುಂಬ ದೇವದಾರಿನ ತುಂಡುಗಳು. "ಅಕ್ಕ ಬಂಗಾರ ತಂದಿದ್ದಾಳೆ ಅಂತ ಗಾಡಿಯಿಂದ ಇಳಿಸೋಕೆ ಕೈ ಹಾಕ್ದೆ, ಸೊಂಟ ಹಿಡ್ಕೊಂಡಿದ್ದೇ ಬಂತು" ಎಂದು ನನ್ನ ಗಂಡ ವರ್ಷಗಟ್ಟಲೆ ಹೇಳಿ ನಗಿಸುತ್ತಿದ್ದರು. ಎಂಟು ಪೆಟ್ಟಿಗೆಗಳಲ್ಲಿ ಊರವರ ಬಟ್ಟೆ ಇರುತ್ತಿತ್ತು. ಒಂಬತ್ತನೆಯದರಲ್ಲಿ ಬೇರೆಯವರ ಒಂದು ಕರ್ಚೀಫನ್ನೂ ಅತ್ತಿಗೆ ಇಟ್ಟದ್ದನ್ನು ನಾನು ನೋಡಿಲ್ಲ.

ಕೆಲಸಕ್ಕೊಂದು ಕ್ರಮವಿತ್ತು. ಬಂದ ಬಟ್ಟೆಯನ್ನು ಬಿಳಿ ದುಪ್ಪಟಿಯ ಮೇಲೆ ಹರಡಿ, ಹೊಲಿಗೆಯ ಸಂದು, ಕಾಲರಿನ ಅಡಿ, ಜೇಬಿನ ಮೂಲೆ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಬೇಕು. ಉದುರಿದ್ದು ಬಿಳಿಯ ಮೇಲೆ ಕಾಣುತ್ತದೆ. ಆಮೇಲೆ ಎರಡು ದಿನ ಬಿಸಿಲು. ಆಮೇಲೆ ಪೆಟ್ಟಿಗೆ. ಪೆಟ್ಟಿಗೆಯ ನಾಲ್ಕು ಮೂಲೆಗೂ ದೇವದಾರಿನ ಬಿಲ್ಲೆಗಳು, ಅಂಗೈ ಅಗಲದವು. ಒಂದೊಂದು ಬಿಲ್ಲೆಗೆ ನಾಲ್ಕು ಹನಿ ದೇವದಾರು ಎಣ್ಣೆ ಬಿಟ್ಟು, ಅರ್ಧ ದಿನ ಹೀರಲು ಬಿಟ್ಟು, ತೆಳು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಎಣ್ಣೆ ಉಣ್ಣೆಗೆ ತಾಕಿದರೆ ಕಲೆ ಬೀಳುತ್ತದೆ. ಅದು ಮರಕ್ಕೇ ಸೇರಬೇಕು. ವಾಸನೆ ತೆಳುವಾದಾಗ ಬಿಲ್ಲೆಯನ್ನು ಮರಳು ಕಾಗದದಿಂದ ಉಜ್ಜಿ, ಹೊಸ ಮೈ ಬರಿಸಿ, ಮತ್ತೆ ನಾಲ್ಕು ಹನಿ.

"ಇದು ನುಸೀನ ಕೊಲ್ಲಲ್ಲ ಕಣೆ" ಎಂದು ನನಗೆ ಮೊದಲ ಸಲ ತೋರಿಸುವಾಗ ಹೇಳಿದ್ದರು. "ಇಲ್ಲಿ ಜಾಗ ಇಲ್ಲ, ಮುಂದಿನ ಮನೆ ನೋಡ್ಕೋ ಅಂತ ಹೇಳಿ ಕಳಿಸುತ್ತೆ ಅಷ್ಟೆ. ಮೊದಲೇ ಒಳಗೆ ಬಂದು ಮೊಟ್ಟೆ ಇಟ್ಟಿದ್ರೆ ಎಣ್ಣೆ ಏನ್ ಮಾಡುತ್ತೆ ಪಾಪ. ಅದಕ್ಕೇ ಬ್ರಷ್ಷು ಮೊದ್ಲು."

ಅದೇ ಎಣ್ಣೆ ಅವರ ಕೈಗೂ ಬೇಕಾಗಿತ್ತು. ಉಣ್ಣೆ ಮುಟ್ಟಿ ಮುಟ್ಟಿ ಚರ್ಮ ಒಣಗಿ ಬೆರಳ ತುದಿ ಒಡೆಯುತ್ತಿತ್ತು. ಒಡೆದ ಬೆರಳಿಗೆ ಎಳೆ ಸಿಕ್ಕಿಕೊಂಡರೆ ರಫೂ ಕೆಟ್ಟಂತೆಯೇ. ಒಂದು ಸಣ್ಣ ಬಟ್ಟಲು ಬಾದಾಮಿ ಎಣ್ಣೆಗೆ ಆರು ಹನಿ ದೇವದಾರು ಎಣ್ಣೆ ಬೆರೆಸಿ, ಕೆಲಸ ಮುಗಿದ ಮೇಲೆ ಕೈಗೆ ತಿಕ್ಕಿಕೊಂಡು, ಅರ್ಧ ಗಂಟೆ ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂರುತ್ತಿದ್ದರು. ನಾನು ಮೌನವಾಗಿ ಪ್ರಾರ್ಥನೆಗೆ ಕೂರುವ ಹೊತ್ತೂ ಅದೇ. ಕೆಳಗೆ ನಾನು, ಮೇಲೆ ಅವರು. ಅವರದೂ ಒಂದು ಬಗೆಯ ಪ್ರಾರ್ಥನೆಯೇ ಎಂದು ನನಗೆ ಅನ್ನಿಸುತ್ತಿತ್ತು. ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಆ ಕೈಗಳ ನುಣುಪು ನೋಡಿ ಬೀದಿಯ ಹೆಂಗಸರು ಮರುಳಾಗಿದ್ದರು. ದರ್ಜಿಯ ಮಗಳು ಒಮ್ಮೆ ಮೊಡವೆಗೆಂದು ಸ್ವಲ್ಪ ಎಣ್ಣೆ ಕೇಳಿದಳು. ಹೇಗೆ ಬೆರೆಸಬೇಕು, ಮೊದಲು ಮೊಣಕೈ ಒಳಗಡೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಬೇಕು, ಕಣ್ಣಿನ ಹತ್ತಿರ ಒಯ್ಯಬಾರದು ಎಂದು ಅತ್ತಿಗೆ ಎಲ್ಲ ಹೇಳಿ ಕಳಿಸಿದ್ದರು. ಅವಳು ತಲೆಯಾಡಿಸಿ ಹೋಗಿ, ಫೋಟೊ ತೆಗೆಸಿಕೊಳ್ಳುವ ದಿನ ಬೆಳಿಗ್ಗೆ ಹಸಿ ಎಣ್ಣೆಯನ್ನೇ ಮುಖಕ್ಕೆ ಬಳಿದುಕೊಂಡಳು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಅಳುತ್ತ ಬಂದಳು. ಅತ್ತಿಗೆ ಬರೀ ಬಾದಾಮಿ ಎಣ್ಣೆಯಲ್ಲಿ ಒರೆಸಿ, ತೊಳೆಸಿ, ಒದ್ದೆ ಬಟ್ಟೆ ಹಾಕಿ ಕೂರಿಸಿದರು.

"ಉಪ್ಪು ರುಚಿಯಾಗಿದೆ ಅಂತ ಹಿಡಿಗಟ್ಲೆ ಬಾಯಿಗೆ ಹಾಕ್ಕೋತೀಯಾ?"

"ಇಲ್ಲ ಅಕ್ಕ."

"ಮತ್ತೆ ಇದನ್ಯಾಕೆ ಬಗ್ಗಿಸಿಕೊಂಡೆ?"

"ಮೊಡವೆನಾದ್ರೂ ಹೋಗುತ್ತಾ ಅಕ್ಕ?"

"ಹೋಗಿರುತ್ತೆ. ನಿನ್ನ ಮುಖ ನೋಡಿ ಹೆದರ್ಕೊಂಡು."

ದಿನಾ ಸಂಜೆ ದೇವದಾರು ಎಣ್ಣೆಯ ನಾಲ್ಕು ಹನಿಯನ್ನು ಬಟ್ಟೆಯ ಪಟ್ಟಿಗೆ ಹಾಕಿ ಕಿಟಕಿಗೆ ಕಟ್ಟುತ್ತಿದ್ದರು. ಸೊಳ್ಳೆ ಕಡಿಮೆಯಾಗುತ್ತಿತ್ತು. ಪೂರ್ತಿ ಹೋಗುತ್ತದೆ ಎಂದು ಅವರು ಯಾರಿಗೂ ಹೇಳಿದವರಲ್ಲ. ಯಾರಾದರೂ ತಕರಾರು ತೆಗೆದರೆ, "ಎಲ್ಲಾ ಸೊಳ್ಳೆಗೂ ಮೂಗು ನೆಟ್ಟಗಿರಲ್ಲಪ್ಪ" ಎಂದು ಮುಗಿಸುತ್ತಿದ್ದರು.

ಅತ್ತಿಗೆಯ ಮೂಗು ಮಾತ್ರ ಬಲು ನೆಟ್ಟಗಿತ್ತು. ಯಾವ ಪೆಟ್ಟಿಗೆಗೆ ಯಾವಾಗ ಎಣ್ಣೆ ಬೇಕು ಎಂದು ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಮುಚ್ಚಳ ಒಂದು ಬೆರಳಷ್ಟು ಎತ್ತಿ ಮೂಸಿ, "ಇನ್ನು ಹತ್ತು ದಿನ ಸಾಕು" ಎನ್ನುತ್ತಿದ್ದರು. ಹೆಸರಿನ ಚೀಟಿ ಕಳೆದುಹೋದ ಕೋಟನ್ನು ಮೂಸಿ ಅದು ಯಾರದೆಂದು ಹೇಳುತ್ತಿದ್ದರು. ಎದುರಿನ ಬ್ರೆಡ್ ಅಂಗಡಿಯ ಒಲೆಯಲ್ಲಿ ಬ್ರೆಡ್ ಸೀಯುವ ಮೊದಲೇ ಇವರಿಗೆ ಗೊತ್ತಾಗುತ್ತಿತ್ತು. ಕಿಟಕಿಯಿಂದ ಬಗ್ಗಿ, "ಏನಪ್ಪಾ, ಇವತ್ತು ಇದ್ದಿಲು ಮಾರ್ತೀಯಾ?" ಎಂದು ಕೂಗುತ್ತಿದ್ದರು. ಬ್ರೆಡ್ಡಿನವನು ಒಳಗೆ ಓಡುತ್ತಿದ್ದ. ಇದು ನಡೆಯದ ವಾರವೇ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ನೆಗಡಿ ಕಟ್ಟಿ ಎರಡು ವಾರ ಮಲಗಿದರು. ಆಮೇಲೆ ಎದ್ದು ಓಡಾಡಿದರು, ಮಹಡಿ ಹತ್ತಿದರು, ಎಲ್ಲ ಮೊದಲಿನಂತೆಯೇ ಎಂದು ನಾವು ಅಂದುಕೊಂಡೆವು. ಊಟ ಮಾತ್ರ ಕಡಿಮೆಯಾಗಿತ್ತು. "ಬಾಯಿ ರುಚಿ ಇಲ್ಲ, ಬರುತ್ತೆ ಬಿಡು" ಎನ್ನುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಬ್ರೆಡ್ ಅಂಗಡಿಯಿಂದ ದಟ್ಟನೆಯ ಸೀದ ಹೊಗೆ ಬಂತು. ನಮ್ಮ ಅಡುಗೆಮನೆಯಲ್ಲಿ ನನಗೆ ಕೆಮ್ಮು ಬಂತು. ಅತ್ತಿಗೆ ಮೇಲೆ ಕಿಟಕಿಯಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಬೀದಿಯ ಕಡೆ ಬೆನ್ನು ಮಾಡಿದ್ದರಿಂದ ಹೊಗೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮಧ್ಯಾಹ್ನ ನಾನು ಬ್ರೆಡ್ ತರಲು ಹೋದಾಗ ಅವನು ಕೇಳಿದ, "ನಿಮ್ಮತ್ತಿಗೆ ನನ್ನ ಮೇಲೆ ಮುನಿಸ್ಕೊಂಡಿದ್ದಾರಾ ಅಮ್ಮ? ಎರಡು ತಟ್ಟೆ ಸೀದು ಕರಕಲಾಯ್ತು, ಒಂದು ಮಾತೂ ಕೂಗ್ಲಿಲ್ಲ."

ನನಗೆ ಆಗಲೇ ತಿಳಿಯಿತು. ಆದರೂ ಕೇಳಲಿಲ್ಲ. ಹೇಳಬೇಕೆನ್ನಿಸಿದಾಗ ಅವರೇ ಹೇಳುತ್ತಾರೆ, ಅಲ್ಲಿಯವರೆಗೆ ಕಾಯೋಣ ಎಂದುಕೊಂಡೆ. ಕಾದದ್ದು ತಪ್ಪಾಯಿತೇನೋ.

ಅವರು ನೇರವಾಗಿ ಹೇಳಲಿಲ್ಲ. ವಾರಕ್ಕೊಮ್ಮೆ ನನ್ನನ್ನು ಮೇಲಕ್ಕೆ ಕರೆಯತೊಡಗಿದರು. "ಬಾರೆ ಇಲ್ಲಿ, ನೀನೂ ಕೆಲಸ ಕಲಿ. ಇದನ್ನ ಮೂಸಿ ನೋಡು, ಹೇಗಿದೆ ಹೇಳು" ಎಂದು ಪೆಟ್ಟಿಗೆಯ ಮುಚ್ಚಳವನ್ನು ತಾವೇ ಎತ್ತಿ ಹಿಡಿಯುತ್ತಿದ್ದರು. ನಾನು ಬಗ್ಗಿ ಮೂಸುತ್ತಿದ್ದೆ. ಘಮ್ಮೆಂದು ದೇವದಾರು. "ಚೆನ್ನಾಗಿದೆ ಅತ್ತಿಗೆ, ಜೋರಾಗೇ ಇದೆ" ಎನ್ನುತ್ತಿದ್ದೆ. ಅವರ ಮುಖ ಹಗುರವಾಗುತ್ತಿತ್ತು. ಒಂದೊಂದಾಗಿ ಎಂಟೂ ಪೆಟ್ಟಿಗೆ ಮೂಸಿ ಇಳಿಯುತ್ತಿದ್ದೆ. ಬೇಸಿಗೆಯುದ್ದಕ್ಕೂ, ಮಳೆಗಾಲದುದ್ದಕ್ಕೂ ಹೀಗೆಯೇ ನಡೆಯಿತು. ಅವರ ಬೆರಳ ಸಂದುಗಳು ಕೆಂಪಾಗಿದ್ದವು. ಉಣ್ಣೆ ತಾಕಿ ತುರಿಸಿರಬೇಕು ಎಂದುಕೊಂಡೆ.

ಚಳಿ ಇನ್ನು ಹದಿನೈದು ದಿನ ಇದೆ ಎನ್ನುವಾಗ ಬಟ್ಟೆಗಳನ್ನು ಹೊರತೆಗೆಯಲು ಶುರು ಮಾಡಿದೆವು. ಕಿಟಕಿಯ ಕೆಳಗಿನ ಪೆಟ್ಟಿಗೆಯ ಮುಚ್ಚಳ ಒಂದು ಕಡೆ ಸ್ವಲ್ಪ ಬಾಗಿ ಸಂದು ಬಿಟ್ಟಿತ್ತು. ಅದರಲ್ಲಿದ್ದುದು ಗಾರ್ಡಿನ ಕೋಟು. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು ಅವರು. ಮೂವತ್ತು ಚಳಿಗಾಲ ಕೊನೆಯ ಡಬ್ಬಿಯಲ್ಲಿ ನಿಂತು ಬಾವುಟ ತೋರಿಸಿದಾಗ ಮೈಮೇಲಿದ್ದದ್ದು ಆ ಕಪ್ಪು ಕೋಟು. ಅದನ್ನು ದುಪ್ಪಟಿಯ ಮೇಲೆ ಹರಡಿ ಕಾಲರ್ ಎತ್ತುತ್ತಿದ್ದಂತೆ ಬಿಳಿ ಬಟ್ಟೆಯ ಮೇಲೆ ಪುಡಿ ಉದುರಿತು. ಕಾಲರಿನ ಅಡಿ ಮೂರು ತೂತು, ಕಂಕುಳ ಹತ್ತಿರ ಕಡಲೆಬೇಳೆ ಗಾತ್ರದ ಎರಡು.

"ಇದಕ್ಕೆ ನುಸಿ ಹೇಗೆ ಬಂತು ಅತ್ತಿಗೆ? ಪೆಟ್ಟಿಗೆ ಘಮ್ ಅಂತಿತ್ತಲ್ಲ" ಎಂದೆ.

ಅವರು ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ಆ ಪೆಟ್ಟಿಗೆಯಿಂದ ಒಂದು ಬಿಲ್ಲೆ ತಗೋ. ನೀನೊಬ್ಬಳೇ ಕೆಳಗೆ ಹೋಗು. ಅಂಗಳದ ಆ ಕೊನೇಲಿ ನಿಂತ್ಕೊಂಡು ಮೂಸಿ ನೋಡಿ ಬಾ."

ಹೋದೆ. ಸುತ್ತಿದ್ದ ಬಟ್ಟೆ ಬಿಚ್ಚಿ ಬಿಲ್ಲೆಯನ್ನು ಮೂಗಿಗೆ ಹಿಡಿದೆ. ಏನೂ ಇರಲಿಲ್ಲ. ಒಲೆಗೆ ಹಾಕುವ ಒಣ ಚಕ್ಕೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಮೆಟ್ಟಿಲು ಹತ್ತಿ ಬಂದ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

"ಇಷ್ಟು ದಿನ ನೀನು ಪೆಟ್ಟಿಗೆ ಮೂಸಿಲ್ಲ. ನನ್ನ ಕೈ ಮೂಸಿದ್ದೀಯ" ಎಂದರು.

ವಾಸನೆ ತಿಳಿಯದೆ, ಎಣ್ಣೆ ಸಪ್ಪೆಯಾಗಿದೆಯೇನೋ ಎಂದುಕೊಂಡು, ಕೈಗೆ ಹಚ್ಚುವ ಬಟ್ಟಲಿಗೆ ಆರು ಹನಿಯ ಜಾಗದಲ್ಲಿ ಇಪ್ಪತ್ತು ಹನಿ ಹಾಕಿಕೊಳ್ಳುತ್ತಿದ್ದರಂತೆ. ಬೆರಳ ಸಂದು ಕೆಂಪಾಗಿದ್ದದ್ದು ಅದಕ್ಕೆ. ಆ ಕೈಯಲ್ಲೇ ಮುಚ್ಚಳ ಎತ್ತಿ ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ನಾನು ಜೋರಾಗಿದೆ ಎಂದರೆ ಪೆಟ್ಟಿಗೆಗೆ ಎಣ್ಣೆ ಬೇಡವೆಂದು ಬಿಡುತ್ತಿದ್ದರು. ಬೇರೆ ಯಾರ ಮನೆಯಲ್ಲೂ ಇಂಥ ತಪ್ಪು ಆಗಲಾರದು.

"ಯಾಕೆ ಅತ್ತಿಗೆ ಹೇಳ್ಲಿಲ್ಲ?"

"ನಾಳೆ ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ." ಅವರು ಮೂಲೆಯ ಒಂಬತ್ತನೆಯ ಪೆಟ್ಟಿಗೆಯ ಕಡೆ ಕೈ ತೋರಿಸಿದರು. "ಅದರಲ್ಲಿ ಅವರು ಕೆಲಸಕ್ಕೆ ಹಾಕ್ಕೋತಿದ್ದ ಅಂಗಿ ಇದೆ. ಮುಚ್ಚಳ ತೆಗೆದ್ರೆ ಸಾಕು, ಮರ ಕುಯ್ದು ಈಗ ತಾನೆ ಮನೆಗೆ ಬಂದ ಹಾಗಿರ್ತಿತ್ತು. ಜ್ವರ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ಎದ್ದು ತೆಗೆದು ನೋಡ್ತಿದ್ದೆ. ಬರೀ ಅಂಗಿ ಕಣೆ. ಇಪ್ಪತ್ತೆರಡು ವರ್ಷ ಇದ್ದವರು ಈ ಸಲ ಹೋಗಿಬಿಟ್ರು."

ನಾನು ಬಿಲ್ಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದೆ. ಅವರು ಮುಂದುವರಿಸಿದರು. "ಮೂಗಿಲ್ಲದವಳ ಹತ್ರ ಯಾರು ಬಟ್ಟೆ ಬಿಟ್ಟು ಹೋಗ್ತಾರೆ ಹೇಳು. ಬಟ್ಟೆ ಬರದಿದ್ರೆ ಈ ಕೋಣೇಲಿ ನನಗೇನು ಕೆಲಸ?"

ಆರು ದಿನ ಅವರು ಆ ಕೋಟಿನ ಮುಂದೆ ಕೂತರು. ಕೋಟಿನದೇ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಒಂದರ ಕೆಳಗೊಂದು, ಒಂದರ ಮೇಲೊಂದು ಹೆಣೆದರು. ಕೈಗೆ ಬಾದಾಮಿ ಎಣ್ಣೆ ಮಾತ್ರ ಹಚ್ಚಿದರು. ಮುಗಿದ ದಿನ ನನ್ನ ಗಂಡ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದರು. ತೂತು ಎಲ್ಲಿತ್ತೆಂದು ಅವರಿಗೆ ತಿಳಿಯಲಿಲ್ಲ.

"ಸುಮ್ನೆ ಕೊಟ್ಬಿಡಕ್ಕ. ಗಾರ್ಡಿಗೆ ಈ ಜನ್ಮದಲ್ಲಿ ಗೊತ್ತಾಗಲ್ಲ" ಎಂದರು.

ಅತ್ತಿಗೆ ಅವರ ಕೈಯಿಂದ ಕೋಟು ತೆಗೆದುಕೊಂಡು ಮಡಿಸಿಟ್ಟರು. ಆ ಸಂಜೆ ನಾನು ದೇವರಲ್ಲಿ ಬೇಡಿಕೊಂಡದ್ದೂ ಅದನ್ನೇ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅತ್ತಿಗೆ ಬಾಯಿ ಬಿಡದಿರಲಿ, ಕೋಣೆ ಉಳಿಯಲಿ ಎಂದು ಕೇಳಿದ್ದೆ. ದೇವರು ನನ್ನ ಮಾತಿಗೆ ಒಪ್ಪಲಿಲ್ಲ.

ಗಾರ್ಡು ಮೆಟ್ಟಿಲ ಮೇಲಿಂದಲೇ ಮಾತು ಶುರು ಮಾಡಿಕೊಂಡು ಬಂದರು. "ಏನ್ ಮರದಕ್ಕ, ನನ್ನ ಕೋಟು ಕ್ಷೇಮವಾ?"

"ಗಾಯ ಆಗಿತ್ತು. ವಾಸಿಯಾಗಿದೆ. ಕೂತ್ಕೊಳ್ಳಿ."

ತಮಾಷೆಯೆಂದು ಅವರು ನಕ್ಕರು. ಅತ್ತಿಗೆ ಕೋಟನ್ನು ಮೇಜಿನ ಮೇಲೆ ಹರಡಿ ಕಾಲರ್ ಮಗುಚಿದರು. ಗಾರ್ಡು ಕನ್ನಡಕ ಹಾಕಿಕೊಂಡು ಬಗ್ಗಿದರು.

"ಎಲ್ಲಿ? ಏನಿದೆ?"

"ಇಲ್ಲಿ ಮೂರು ತೂತಿತ್ತು. ಇಲ್ಲಿ ಕಂಕುಳಲ್ಲಿ ಎರಡು. ನುಸಿ ತಿಂದಿದ್ದು. ನನ್ನ ಪೆಟ್ಟಿಗೇಲಿ, ನನ್ನ ಕೈ ಕೆಳಗೆ."

ಅವರು ಬೆರಳಿನಿಂದ ಸವರಿ ನೋಡಿದರು. "ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ವಲ್ರೀ."

"ಅದಕ್ಕೇ ಹೇಳ್ತಿರೋದು. ನನ್ನ ಮೂಗು ಹೋಗಿದೆ. ಬೇಸಿಗೇಲಿ ಜ್ವರ ಬಂದಾಗಿಂದ ಏನೂ ತಿಳಿಯಲ್ಲ. ಎಣ್ಣೆ ಆರಿಹೋಗಿದ್ದು ಗೊತ್ತಾಗ್ಲಿಲ್ಲ. ಮುಂದಿನ ಸಲ ಬಟ್ಟೆ ಬಿಡೋ ಮುಂಚೆ ಇದು ನಿಮಗೆ ತಿಳಿದಿರ್ಬೇಕು. ಬೇರೆಯವರಿಗೂ ಹೇಳ್ತೀನಿ. ನೀವೇ ಹೇಳಿದ್ರೂ ಸರಿ."

ಗಾರ್ಡಿನ ನಗು ನಿಂತುಹೋಯಿತು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದರು. "ಇದು ನನ್ನ ಜೊತೆ ಎಷ್ಟು ಊರು ತಿರುಗಿದೆ ಗೊತ್ತಾ ನಿಮಗೆ? ನನ್ನ ಹೆಂಡ್ತಿನೂ ಅಷ್ಟು ತಿರುಗಿಲ್ಲ" ಎಂದರು. ಆ ದನಿಯಲ್ಲಿ ನೋವಿತ್ತು. ಅತ್ತಿಗೆ ತಲೆ ತಗ್ಗಿಸಿ ಕೇಳಿಸಿಕೊಂಡರು.

ಗಾರ್ಡು ಕನ್ನಡಕ ತೆಗೆದು ಕೇಳಿದರು. "ಹಾಗಾದ್ರೆ ಇನ್ಮೇಲೆ ಯಾರು ಮೂಸೋದು?"

"ಇವಳು" ಎಂದು ಅತ್ತಿಗೆ ನನ್ನನ್ನು ತೋರಿಸಿದರು. ಅಲ್ಲಿಯವರೆಗೆ ನನಗೂ ಅದು ತಿಳಿದಿರಲಿಲ್ಲ. "ನಾನು ಹತ್ರ ನಿಲ್ಲದಿದ್ರೆ ಇವಳ ಮೂಗು ಸರಿಯಾಗೇ ಇದೆ."

"ನೋಡೋಣ" ಎಂದು ಗಾರ್ಡು ಕುತ್ತಿಗೆಯ ಮಫ್ಲರ್ ಬಿಚ್ಚಿ ನನ್ನ ಮುಂದೆ ಇಟ್ಟರು. "ಏನೇನಿದೆ ಹೇಳಮ್ಮ."

ಅತ್ತಿಗೆ ಎದ್ದು ಬಾಗಿಲಾಚೆ ಹೋಗಿ ನಿಂತರು. ನಾನು ಮಫ್ಲರ್ ಎತ್ತಿ ಮೂಸಿದೆ. "ಸೋಪು. ತಲೆಗೆ ಹಚ್ಚೋ ಎಣ್ಣೆ. ಕೆಮ್ಮಿನ ಔಷಧಿ." ಆಮೇಲೆ ನಿಲ್ಲಿಸಿದೆ.

"ಅಷ್ಟೇನಾ?"

"ಇನ್ನೊಂದಿದೆ."

"ಇದ್ರೆ ಹೇಳು. ಪರೀಕ್ಷೆ ಅಂದ್ರೆ ಪರೀಕ್ಷೆ."

"ಸಿಗರೇಟು" ಎಂದೆ.

ಡಾಕ್ಟರು ಹೇಳಿ ಸಿಗರೇಟು ಬಿಡಿಸಿ ಎರಡು ವರ್ಷವಾಯಿತೆಂದು ಅವರ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಗಾರ್ಡು ಬಾಗಿಲ ಕಡೆ, ಆಮೇಲೆ ಕಿಟಕಿಯ ಕಡೆ ನೋಡಿದರು. "ಮೆತ್ತಗೆ ಹೇಳಬಾರ್ದಾ ತಾಯಿ" ಎಂದರು. ಹೊರಗೆ ನಿಂತಿದ್ದ ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಜ್ವರ ಬಿಟ್ಟ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಗಾರ್ಡು ಕೋಟು ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡರು. "ಚಳಿ ಮುಗಿದ ಮೇಲೆ ತರ್ತೀನೋ ಇಲ್ವೋ ಈಗ ಹೇಳಲ್ಲ. ಕೋಪ ಇದೆ ನನಗೆ."

"ಇರ್ಲಿ. ಇರ್ಬೇಕಾದ್ದೇ" ಎಂದರು ಅತ್ತಿಗೆ.

ಆ ಚಳಿಗಾಲ ಬಟ್ಟೆ ಒಯ್ಯಲು ಬಂದವರಿಗೆಲ್ಲ ಅವರು ಇದೇ ಮಾತು ಹೇಳಿದರು. ಕೆಲವರು ಪಾಪ ಎಂದರು. ಕೆಲವರು ಏನೂ ಅನ್ನದೆ ಬಟ್ಟೆಯನ್ನು ಅಲ್ಲೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿಕೊಂಡರು. ಬ್ರೆಡ್ಡಿನವನು ಮಾತ್ರ ವಿಚಿತ್ರ ಮಾಡಿದ. ಬ್ರೆಡ್ ಸೀದಾಗ ಅವನೇ ಕೆಳಗೆ ನಿಂತು, "ಮರದಕ್ಕಾ, ಇದ್ದಿಲಾಗಿದೆ, ಬೈಯ್ರಿ" ಎಂದು ಕೂಗುತ್ತಿದ್ದ. ಇವರು ಬೈಯುತ್ತಿದ್ದರು. ಅವನಿಗೆ ಅದಿಲ್ಲದೆ ದಿನ ಹೋಗುತ್ತಿರಲಿಲ್ಲ.

ಚಳಿ ಮುಗಿಯಿತು. ನಾವು ಮೇಜಿಗೆ ಒಗೆದ ದುಪ್ಪಟಿ ಹಾಸಿ ಕಾದೆವು. ಮೊದಲ ವಾರ ದರ್ಜಿಯ ಮನೆಯ ಕಂಬಳಿ ಬಿಟ್ಟರೆ ಏನೂ ಬರಲಿಲ್ಲ. ಅತ್ತಿಗೆ ಖಾಲಿ ಪೆಟ್ಟಿಗೆಗಳನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು. ಎರಡನೆಯ ವಾರದ ನಡುವೆ ಒಂದು ದಿನ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಗಾರ್ಡು. ತೋಳಿನ ಮೇಲೆ ಕೋಟು. ಅತ್ತಿಗೆಯನ್ನು ಮಾತಾಡಿಸಲಿಲ್ಲ.

"ಎಲ್ಲಿ ಆ ಮೂಗಿನವಳು? ನನ್ನ ಎದುರಿಗೇ ಪೆಟ್ಟಿಗೆ ಮೂಸ್ಲಿ. ಆಮೇಲೆ ಕೊಡ್ತೀನಿ" ಎಂದು ಕುರ್ಚಿ ಎಳೆದು ಕೂತರು.

ಅತ್ತಿಗೆ ಹದಿನಾಲ್ಕು ಮೆಟ್ಟಿಲನ್ನೂ ಇಳಿದು ಅಂಗಳದ ಕೊನೆಗೆ ಹೋಗಿ ನಿಂತರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನಾನು ಕೈ ತೊಳೆದು ಬಂದು ಮುಚ್ಚಳ ಎತ್ತಿ ಬಗ್ಗಿದೆ. ಬಿಲ್ಲೆಗಳಿಗೆ ಎಣ್ಣೆ ಹಾಕಿ ಮೂರು ವಾರವಾಗಿತ್ತು. ವಾಸನೆ ಇತ್ತು. ಆದರೆ ಬಾಗಿದ ಮುಚ್ಚಳದ ಕಡೆಯ ಮೂಲೆಯಲ್ಲಿ ತೆಳುವಾಗಿತ್ತು. ಚೆನ್ನಾಗಿದೆ ಎಂದು ಹೇಳಿಬಿಡಲು ನಾಲಿಗೆ ತುರಿಸಿತು, ಕೋಟು ಎದುರಿಗೇ ಇತ್ತಲ್ಲ.

"ಅತ್ತಿಗೆ" ಎಂದು ಕಿಟಕಿಯಿಂದ ಕೂಗಿದೆ. "ಮೂರು ಮೂಲೆ ಸರಿ ಇದೆ. ಈ ಬಾಗಿದ ಕಡೆಯದಕ್ಕೆ ಸಾಲದು. ಉಜ್ಜಿ ಮತ್ತೆ ಹಾಕ್ಬೇಕು."

ಅವರು ಕೆಳಗಿನಿಂದ ತಲೆಯೆತ್ತಿ ನನ್ನನ್ನೇ ನೋಡಿದರು. ಗಾರ್ಡು ಎದ್ದು, ಕೋಟನ್ನು ಬಿಳಿ ದುಪ್ಪಟಿಯ ಮೇಲೆ ಉದ್ದಕ್ಕೆ ಮಲಗಿಸಿ, ತೋಳುಗಳನ್ನು ಸರಿಮಾಡಿದರು. ಕಿಟಕಿಗೆ ಬಂದು ನನ್ನ ಪಕ್ಕ ನಿಂತು ಕೆಳಗೆ ಬಗ್ಗಿದರು.

"ಬನ್ರೀ ಮೇಲೆ" ಎಂದರು. "ಬ್ರಷ್ಷು ಹಾಕೋದು ಇವಳಿಗೆ ಬರುತ್ತೋ ಇಲ್ವೋ. ಅದಕ್ಕೆ ನೀವೇ ಬೇಕು."